ನೂರಾ ಹದಿನಾಲ್ಕನೆಯ ಗುರುತು

ಅಗಡಿಯ ನಿಜಲಿಂಗಪ್ಪನಿಗೆ ತನ್ನ ಕಾಲಿನ ಮೇಲೆ ಇದ್ದಷ್ಟು ನಂಬಿಕೆ ಉಪಗ್ರಹದ ಮೇಲೆ ಇರಲಿಲ್ಲ. 2003ರಲ್ಲಿ ಹಾವೇರಿಯ ಒಂದು ಜಲಾನಯನ ಕಚೇರಿಯಲ್ಲಿ ಸಿಕ್ಕ ಕೆಲಸವೂ ಅಂಥದ್ದೇ. ಉಪಗ್ರಹ ತೆಗೆದ ಚಿತ್ರದ ಮೇಲೆ ಸಾಹೇಬರು ನಂಬರು ಹಾಕಿ ಗುರುತು ಮಾಡಿ ಕೊಡುತ್ತಿದ್ದರು. ಇವನು ಆ ಜಾಗಕ್ಕೆ ನಡೆದು ಹೋಗಿ, ಅಲ್ಲಿ ನಿಜಕ್ಕೂ ಏನಿದೆ ಎಂದು ಕಣ್ಣಾರೆ ನೋಡಿ ಫಾರ್ಮಿನಲ್ಲಿ ಬರೆದು ತರಬೇಕು.

ಚಿತ್ರವಾದರೂ ಎಂಥದ್ದು? ಹಸಿರು ಗಿಡಮರಗಳೆಲ್ಲ ಅದರಲ್ಲಿ ಕೆಂಪಗೆ ಕಾಣುತ್ತವೆ. ಬ್ಯಾಡಗಿಯ ಹತ್ತಿರ ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಗುಡದಪ್ಪನೆಂಬ ರೈತ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮ ಕಾಯಿ ಇಷ್ಟ್ ಕೆಂಪ ಐತಿ, ಅದು ಕಾಣವಲ್ದು. ಹಸರ ಬೇವಿನ ಗಿಡಾ ಕೆಂಪಗ ಕಾಣತೈತಿ. ನಿಮ್ಮ ಉಪಗ್ರಹದ ಕಣ್ಣಿಗೆ ಮೊದಲ ಒಂದ್ ಚಾಳೀಸ ಹಾಕಸ್ರಿ" ಎಂದಿದ್ದ. ನಿಜಲಿಂಗಪ್ಪ ನಕ್ಕು, ಫಾರ್ಮು ತುಂಬಿಕೊಂಡು ಮುಂದಿನ ಗುರುತಿಗೆ ನಡೆದಿದ್ದ.

ಕೆಲಸದಲ್ಲಿ ಅವನು ಕೈ ಎತ್ತಿದವನಲ್ಲ. ರಾಣೆಬೆನ್ನೂರಿನ ಕಡೆ ಕಂಪ್ಯೂಟರು ದಟ್ಟ ಕಾಡು ಎಂದದ್ದನ್ನು, ಅದು ಸಾಲಿಗೆ ನೆಟ್ಟ ನೀಲಗಿರಿ ಎಂದು ತಿದ್ದಿಸಿದವನು ಇವನೇ. ಐರಣಿಯಲ್ಲಿ ಹೊಳೆದಂಡೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು, ಮರಳು ಎಲ್ಲಿಗೆ ಮುಗಿದು ಹೊಲ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿ ಬಂದಿದ್ದ. ಹೀಗಾಗಿ ಶಶಿಕಾಂತ ಸಾಹೇಬರು ಅವನ ಫಾರ್ಮುಗಳನ್ನು ಎರಡನೆಯ ಸಲ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ನಿಜಲಿಂಗಪ್ಪ ಬರೆದರೆ ಮುಗಿಯಿತು.

ನೂರಾ ಹದಿನಾಲ್ಕನೆಯ ಗುರುತು ಅವನ ಊರಿನ ಹಳ್ಳದ ದಂಡೆಗೇ ಬಿದ್ದಿತ್ತು. ಅವನ ಜನ ಸತ್ತವರನ್ನು ಹೂಳುವವರು. ದೊಡ್ಡವರಿಗೆ ಊರ ಹೊರಗೆ ರುದ್ರಭೂಮಿ ಇದೆ, ಅಲ್ಲಿ ಕಲ್ಲು ನಿಲ್ಲಿಸುತ್ತಾರೆ, ಹೆಸರು ಕೆತ್ತಿಸುತ್ತಾರೆ. ಎಳೆಯ ಮಕ್ಕಳಿಗೆ ಹಳ್ಳದ ದಂಡೆ. ಗುಂಡಿ ಮುಚ್ಚಿ ಮೇಲೆ ನಾಲ್ಕು ಮುಳ್ಳುಕಂಟಿ ಎಳೆದು ಬಂದರೆ ಆಯಿತು, ಕಲ್ಲೂ ಇಲ್ಲ, ಹೆಸರೂ ಇಲ್ಲ. ನಾಲ್ಕು ಮಳೆಗಾಲಕ್ಕೆ ಊರು ಮರೆಯುತ್ತದೆ. ಅವನ ಒಬ್ಬಳೇ ಮಗಳು ಸುಧಾರಾಣಿ ಎರಡು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಳು. ಅವಳನ್ನು ತನ್ನ ಕೈಯಾರೆ ಅಲ್ಲಿ ಮಲಗಿಸಿ ಬಂದಿದ್ದ. ಅಂದಿನಿಂದ ಎಂಟು ವರ್ಷ ಆ ದಾರಿ ತುಳಿಯದೆ ಸುತ್ತು ಹಾಕಿಕೊಂಡೇ ತಿರುಗಿದ.

ಆ ಗುರುತಿನ ಸರದಿ ಬಂದ ದಿನ ರಸ್ತೆಬದಿಯಲ್ಲಿ ಕುಳಿತು ಹಾಳೆ ಬಿಚ್ಚಿದ. ಬೇಸಿಗೆಯ ಚಿತ್ರ, ನೆಲವೆಲ್ಲ ಬಿಳಚಿಕೊಂಡಿತ್ತು. ಗುರುತಿನ ಜಾಗದಲ್ಲಿ ಮಾತ್ರ ಒಂದು ಸಣ್ಣ ಕೆಂಪು ಚುಕ್ಕೆ. ಜಾಲಿ ಇದ್ದೀತು ಎಂದುಕೊಂಡ. ಎದ್ದು ನಿಂತ, ಮತ್ತೆ ಕುಳಿತ. ಹಳ್ಳ ಎರಡು ಹೊಲದಾಚೆ ಕಾಣುತ್ತಿತ್ತು. "ಬೀಳು. ಜಾಲಿಕಂಟಿ. ಯಾರ ಬಳಕೆಯಲ್ಲೂ ಇಲ್ಲ" ಎಂದು ಬರೆದು ಸೈಕಲ್ ಹತ್ತಿದ. ಮುನ್ನೂರು ಗುರುತುಗಳಲ್ಲಿ ಅದೊಂದಕ್ಕೇ ಅವನು ಹೋಗಲಿಲ್ಲ. ಇದನ್ನು ಯಾರಾದರೂ ಮೈಗಳ್ಳತನ ಎಂದರೆ ನಾನು ಒಪ್ಪುವುದಿಲ್ಲ. ಅವನಿಗೆ ಆಗಲಿಲ್ಲ, ಅಷ್ಟೇ.

ಎರಡು ವರ್ಷಕ್ಕೆ ನಕ್ಷೆ ಸಿದ್ಧವಾಗಿ, ಮಳೆನೀರನ್ನು ನೆಲಕ್ಕಿಳಿಸುವ ಇಂಗುಕೆರೆ ತೋಡುವ ಜಾಗಗಳ ಪಟ್ಟಿ ಬಂತು. ಬೀಳುನೆಲ, ಒಳ್ಳೆಯ ಇಳಿಜಾರು, ಯಾರದೂ ತಕರಾರಿಲ್ಲ ಎಂದು ನೂರಾ ಹದಿನಾಲ್ಕನ್ನೂ ಆರಿಸಿದ್ದರು. ನಿಜಲಿಂಗಪ್ಪ ಪಟ್ಟಿಯ ಆ ಸಾಲನ್ನು ಎರಡು ಸಲ ಓದಿದ. ಹೋಗದೆಯೇ ಬರೆದೆ ಎಂದು ಯಾವ ಬಾಯಿಂದ ಹೇಳುವುದು? ಹತ್ತು ವರ್ಷವಾಯಿತು, ಮಣ್ಣಿನಲ್ಲಿ ಇನ್ನೇನು ಉಳಿದಿದ್ದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನಾಲ್ಕು ದಿನ ತಳ್ಳಿದ. ಐದನೆಯ ದಿನ ತಡೆಯಲಾರದೆ ಶಶಿಕಾಂತರ ಮುಂದೆ ನಿಂತ.

"ಸಾಹೇಬ್ರ, ಆ ಜಾಗಾಕ್ಕ ನಾ ಹೋಗಿದ್ದಿಲ್ರಿ. ಅಲ್ಲಿ ನನ್ನ ಮಗಳನ್ನ ಹೂಳೇವಿ."

ಸಾಹೇಬರು ಬೈಯಲಿಲ್ಲ. ಫೋನು ಮಾಡಿ ಕೇಳಿ, ಮೆಲ್ಲಗೆ ಇಟ್ಟರು. "ಜೆಸಿಬಿ ಮುಂಜಾನೆನ ಹೋಗೇತಿ, ನಿಜಲಿಂಗಪ್ಪ. ನಿನ್ನೆ ಹೇಳಿದ್ರೂ ನಿಲ್ಲಸ್ತಿದ್ದೆ."

ಹಾವೇರಿಯಿಂದ ಸೈಕಲ್ ಹೊಡೆದುಕೊಂಡು ಬಂದ. ಹತ್ತು ವರ್ಷದ ಮೇಲೆ ಆ ದಂಡೆಯ ಮೇಲೆ ಕಾಲಿಟ್ಟ. ಅರ್ಧ ಕೆರೆ ಆಗಲೇ ತೋಡಿಯಾಗಿತ್ತು. ಮಣ್ಣಿನ ಗುಡ್ಡೆಯ ಪಕ್ಕ ಹೊಂಗೆಯ ಮರವೊಂದು ಬೇರು ಮೇಲಾಗಿ ಬಿದ್ದಿತ್ತು. ಅದರ ಹತ್ತಿರ ಅವನ ಹೆಂಡತಿ ನೀಲಗಂಗವ್ವ ತುಂಬಿದ ಕೊಡವನ್ನು ಇನ್ನೂ ಕಂಕುಳಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಕೊಡ ಹೊತ್ತು ಹೊರಡುತ್ತಿದ್ದಳು. ಎಲ್ಲಿಗೆ ಎಂದು ಇವನು ಕೇಳಿರಲಿಲ್ಲ. ಕೇಳಿದರೆ ನೊಂದಾನು ಎಂದು ಅವಳೂ ಹೇಳಿರಲಿಲ್ಲ.

"ಸುಧಾನ ಮ್ಯಾಲಿನ ಗಿಡಾರಿ ಇದು," ಎಂದಳು. "ಆ ವರ್ಷನ ಹಚ್ಚಿದ್ದೆ."

ಹಾಳೆಯ ಮೇಲಿನ ಕೆಂಪು ಚುಕ್ಕೆ ಏನೆಂದು ಅವನಿಗೆ ಆಗ ತಿಳಿಯಿತು. ಸುತ್ತಲ ನೆಲವೆಲ್ಲ ಒಣಗಿದ್ದಾಗ ಅದೊಂದೇ ಹಸಿರಾಗಿದ್ದದ್ದು ಇವಳ ನೀರಿನಿಂದ.

"ಇಲ್ಲೇನೂ ಇಲ್ಲಂತ ಕಾಗದದಾಗ ಐತಂತ. ಗಾಡಿಯಂವ ಅಂದ. ಯಾರ್ ಬರದಾರ?"

"ನಾನ," ಎಂದ ನಿಜಲಿಂಗಪ್ಪ.

"ಬಂದು ನೋಡಿ ಬರದ್ರೇನ್?"

"ಇಲ್ಲ. ಬರಾಕ ಆಗಲಿಲ್ಲ, ನೀಲಾ."

ಅವಳು ಬೈದಿದ್ದರೆ, ಎದೆ ಬಡಿದುಕೊಂಡು ಅತ್ತಿದ್ದರೆ ಅವನಿಗೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಕೊಡ ಕೆಳಗಿಟ್ಟು, ಬಿದ್ದ ಮರದ ಬೇರಿಗೆ ಹತ್ತಿದ ಮಣ್ಣನ್ನು ಒಮ್ಮೆ ಮುಟ್ಟಿದಳು. "ನೀವು ಒಂದಿಲ್ಲ ಒಂದಿನ ಬರ್ತೀರಿ ಅಂತ ತಿಳದಿದ್ದೆ. ಬಂದ್ರ ಕುಂದ್ರಾಕ ನೆಳ್ಳರ ಇರಲಿ ಅಂತ ಬೆಳಸಿದ್ದೆ," ಎಂದಳು.

ಆ ಮಳೆಗಾಲಕ್ಕೆ ಕೆರೆ ತುಂಬಿತು. ಕೆಳಗಿನ ಬಾವಿಗಳಿಗೆ ನೀರು ಬಂತು, ಊರವರು ಸಂತೋಷಪಟ್ಟರು, ಅದರಲ್ಲಿ ಅವರ ತಪ್ಪೇನಿಲ್ಲ. ನೀಲಗಂಗವ್ವ ಮತ್ತೆ ಆ ಕಡೆ ಹೋಗಲಿಲ್ಲ. ಈಗ ದಿನಾ ಹೋಗುವವನು ನಿಜಲಿಂಗಪ್ಪ. ಏರಿಯ ಮೇಲೆ ಒಂದಿಷ್ಟು ಹೊತ್ತು ನಿಂತು ಬರುತ್ತಾನೆ. ಮಗಳು ಮಲಗಿದ್ದ ಜಾಗ ಯಾವುದೆಂದು ಆ ನೀರಿನಲ್ಲಿ ಬೆರಳು ಮಾಡಿ ತೋರಿಸಲು ಅವನಿಗೆ ಬರುವುದಿಲ್ಲ.