ಮೂರನೆಯ ಗಿಯರ್ ಮತ್ತು ಒಂದು ಮಣೆ

ನನ್ನ ಎಡ ಅಂಗೈ ಬಲಗೈಗಿಂತ ಹೆಚ್ಚು ದಡ್ಡುಗಟ್ಟಿದೆ. ಲಾರಿ ಓಡಿಸಿದವರ ಎರಡು ಕೈಯೂ ಒರಟಾಗುವುದು ಸಹಜ, ಆದರೆ ಇದು ಬೇರೆ. ಒಂದು ವರ್ಷ ಪೂರ್ತಿ ಈ ಕೈಯಲ್ಲಿ ಗಿಯರಿನ ಕೋಲನ್ನು ಒತ್ತಿ ಹಿಡಿದು, ಬಲಗೈ ಒಂದರಲ್ಲೇ ಸ್ಟೇರಿಂಗ್ ತಿರುಗಿಸಿದ್ದೇನೆ. ಕೈಯ ವಿಷಯ ಬಿಡಿ. ಆ ವರ್ಷ ನನಗಿದ್ದ ಒಬ್ಬನೇ ಒಬ್ಬ ಗೆಳೆಯನನ್ನು ನನ್ನ ಬಾಯಿಯಿಂದಲೇ ಕಳೆದುಕೊಂಡೆ.

ಐವತ್ತರ ದಶಕದ ಕೊನೆಯ ವರ್ಷಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಲಾರಿಯೊಂದು ಕೈಯಿಂದ ಕೈಗೆ ದಾಟಿ ಬಂಟ್ವಾಳದ ಹಂಚಿನ ವ್ಯಾಪಾರಿಯೊಬ್ಬರ ಪಾಲಿಗೆ ಬಂದಿತ್ತು. ಅದಕ್ಕೆ ನಾನು ಡ್ರೈವರ್. ಬಂಟ್ವಾಳದಲ್ಲಿ ಹಂಚು ತುಂಬಿಕೊಂಡು ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿಗೆ ಹೋಗುವುದು, ಬರುವಾಗ ಸೌದೆಯೋ ಬಿದಿರೋ ಸಿಕ್ಕಿದ್ದನ್ನು ಹೇರಿಕೊಂಡು ಬರುವುದು. ಮುದಿ ಲಾರಿ, ಆದರೆ ಗಟ್ಟಿ. ನನ್ನ ಸಿಟ್ಟಿಗೂ ಅದರ ಗುರುಗುಟ್ಟುವಿಕೆಗೂ ಚೆನ್ನಾಗಿ ಹೊಂದುತ್ತಿತ್ತು.

ಅದನ್ನು ರಿಪೇರಿ ಮಾಡುತ್ತಿದ್ದವರು ಮೂಡುಬಿದಿರೆಯ ಮೇಸ್ತ್ರಿ. ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು, ಮಾತು ಕಡಿಮೆ. ಮದುವೆಯಾಗಿರಲಿಲ್ಲ. ಭಾನುವಾರ ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದು ನನ್ನ ಬಾಡಿಗೆ ಮನೆಯಲ್ಲಿ ಊಟ ಮಾಡಿ ಸಂಜೆ ಹಿಂತಿರುಗುತ್ತಿದ್ದರು. ನನ್ನ ಹೆಂಡತಿ ಇದ್ದಾಗ ಶುರುವಾದ ರೂಢಿ ಅದು. ಅವಳು ಜ್ವರದಲ್ಲಿ ತೀರಿಕೊಂಡ ಮೇಲೂ ಅವರು ಬರುವುದನ್ನು ನಿಲ್ಲಿಸಲಿಲ್ಲ. ನಾನು ಮಾಡಿದ ಮೀನಿನ ಸಾರಿಗೆ ಉಪ್ಪು ಹೆಚ್ಚಾದರೂ, ಇಲ್ಲದಿದ್ದರೂ, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ವಾರದ ಉಳಿದ ಆರು ದಿನ ಆ ಮನೆಯಲ್ಲಿ ನನ್ನ ಸ್ವರ ನನಗೇ ಕೇಳಿಸುತ್ತಿರಲಿಲ್ಲ.

ಮನೆಯಲ್ಲಿ ಎರಡು ಹಲಸಿನ ಮಣೆಗಳಿದ್ದವು. ಮದುವೆಯ ದಿನ ನಾವಿಬ್ಬರು ಕೂತ ಜೋಡಿ ಮಣೆ, ಆಮೇಲೆ ದಿನವೂ ಊಟಕ್ಕೆ ಅವೇ. ನನಗೆ ಬಡಿಸಿದ ಮೇಲೆ ಅವಳು ತನ್ನ ಮಣೆಯನ್ನು ಕಾಲಿನಿಂದ ಎಳೆದುಕೊಂಡು ಕೂತು, ಇವತ್ತು ಎಲ್ಲಿಯವರೆಗೆ ಹೋಗಿದ್ದಿರಿ ಎಂದು ಕೇಳುತ್ತಿದ್ದಳು. ಅವಳು ಹೋದ ಮೇಲೆ ಅದು ಗೋಡೆಗೆ ಒರಗಿಕೊಂಡೇ ಇತ್ತು. ಮೇಸ್ತ್ರಿಯೂ ಅದನ್ನು ಮುಟ್ಟುತ್ತಿರಲಿಲ್ಲ, ಚಾಪೆಯ ಮೇಲೆ ಕೂರುತ್ತಿದ್ದರು. ಯಾರಿಗಾದರೂ ಕೊಡೋಣವೆಂದರೆ ಮನಸ್ಸಿಲ್ಲ, ಒಲೆಗೆ ಹಾಕುವಂತಿಲ್ಲ. ಅದರ ಎದುರು ಒಬ್ಬನೇ ಉಣ್ಣುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಎಷ್ಟೋ ದಿನ ಪುಂಜಾಲಕಟ್ಟೆಯ ಹೋಟೆಲಿನಲ್ಲೇ ತಿಂದು ಬಂದು ಮಲಗಿದ್ದೇನೆ.

ಹೀಗಿರುವಾಗ ಲಾರಿಯ ಮೂರನೇ ಗಿಯರಿನ ಹಲ್ಲುಗಳು ಸವೆದು ಹೋದವು. ಮೇಸ್ತ್ರಿ ಗಿಯರ್ ಬಾಕ್ಸನ್ನು ಇಳಿಸಿ, ಗುಜರಿಗೆ ಬಿದ್ದಿದ್ದ ಅದೇ ಜಾತಿಯ ಲಾರಿಯಿಂದ ಒಳ್ಳೆಯ ಗಿಯರ್ ತಂದು ಹಾಕಿದರು. ಬಾಕ್ಸ್ ಇಳಿಸಲು ನನ್ನ ಸೀಟಿನ ಪಕ್ಕದ ಹಲಗೆಯನ್ನು ತೆಗೆಯಬೇಕಾಗಿತ್ತು. ಗಿಯರಿನ ಕೋಲು ಆ ಹಲಗೆಯ ತೂತಿನಿಂದಲೇ ಮೇಲೆ ಬರುವುದು. ಹಲಗೆ ಕೊಳೆತು ಹೋಗಿದ್ದರಿಂದ ಕೈಯಲ್ಲೇ ಪುಡಿಯಾಯಿತು.

“ತಗಡು ಕತ್ತರಿಸಿ ಕೊಡ್ತೇನೆ, ಎರಡು ದಿನ ಆಗ್ತದೆ” ಎಂದರು ಮೇಸ್ತ್ರಿ.

“ಎರಡು ದಿನ ಯಾರು ಕಾಯುವುದು? ಹಲಗೆ ನಾನೇ ಹಾಕ್ತೇನೆ, ಬಿಡಿ” ಎಂದೆ.

ಮನೆಗೆ ಬಂದು ಅವಳ ಮಣೆಯನ್ನು ತೆಗೆದುಕೊಂಡೆ. ಅಡಿಯ ಎರಡು ಪಟ್ಟಿಗಳನ್ನು ಕಿತ್ತು, ಉಳಿಯಿಂದ ನಡುವೆ ತೂತು ಕೊರೆದು, ನಾಲ್ಕು ಬೋಲ್ಟು ಹಾಕಿ ಕೂರಿಸಿದೆ. ಅಳತೆಗೆ ಹೇಳಿ ಮಾಡಿಸಿದಂತಿತ್ತು. ಯಾಕೆ ಹೀಗೆ ಮಾಡಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಒಳ್ಳೆಯ ಮರ ಸುಮ್ಮನೆ ಇತ್ತು ಎನ್ನುತ್ತಿದ್ದೆ. ನಿಜ ಬೇರೆ. ಲಾರಿಯಲ್ಲಿ ನನ್ನ ಪಕ್ಕ ಅವಳದೊಂದು ವಸ್ತು ಇರಲಿ ಎಂದು ಆಸೆಯಾಗಿತ್ತು.

ಮೊದಲ ದಿನವೇ ಮೂರನೇ ಗಿಯರ್ ಹಾರತೊಡಗಿತು. ಏರುವಾಗ ತೊಂದರೆಯಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದ ಕೂಡಲೇ ಟಕ್ ಎಂದು ಗಿಯರ್ ಬಿಟ್ಟು ಕೋಲು ನಡುವಿಗೆ ಬಂದು ನಿಲ್ಲುತ್ತಿತ್ತು. ತುಂಬಿದ ಲಾರಿ, ಮುಂದೆ ತಿರುವು, ತಡೆಯಲು ಬ್ರೇಕು ಒಂದೇ. ಮೂಡುಬಿದಿರೆಗೆ ಹೋದೆ. ಮೇಸ್ತ್ರಿ ಬಾಕ್ಸಿನ ಮುಚ್ಚಳ ತೆಗೆದು, ಗಿಯರನ್ನು ಹಿಡಿದಿಡುವ ಸ್ಪ್ರಿಂಗ್ ಬದಲಿಸಿದರು. ಹಾರುವುದು ನಿಲ್ಲಲಿಲ್ಲ. ಮತ್ತೆ ಹೋದೆ. ಬಾಕ್ಸನ್ನೇ ಇಳಿಸಿ ಹಲ್ಲು ಹಲ್ಲು ನೋಡಿದರು, ಎಲ್ಲ ಸರಿಯಿತ್ತು. ಅವರು ಬಾಕ್ಸ್ ಕೂರಿಸಿದ ಮೇಲೆ ನಾನು ಮಣೆಯನ್ನೂ ಮೊದಲಿನಂತೆಯೇ ಕೂರಿಸಿದೆ, ಗಿಯರ್ ಮೊದಲಿನಂತೆಯೇ ಹಾರಿತು. ಮಳೆಗಾಲ ಹಿಡಿದ ಮೇಲಂತೂ ಇನ್ನೂ ಹೆಚ್ಚಾಯಿತು.

ಮೂರನೇ ಸಲ ಹೋದಾಗ ವರ್ಕ್‌ಶಾಪಿನಲ್ಲಿ ಬೇರೆ ಡ್ರೈವರುಗಳೂ ಇದ್ದರು. ಮೇಸ್ತ್ರಿ ಕೋಲನ್ನು ಹಿಂದೆ ಮುಂದೆ ಆಡಿಸಿ ನೋಡಿ, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು: “ಆ ಹಲಗೆ ತೆಗ್ದು ಒಮ್ಮೆ ಓಡಿಸಿ ನೋಡುವ, ಮಾರಾಯ್ರೆ.”

ನನಗೆ ಎಲ್ಲಿಂದ ಸಿಟ್ಟು ಬಂತೋ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಲಗೆಗೆ ಕೈ ಹಾಕ್ಬೇಡಿ. ನಿಮ್ಮ ಕೆಲಸ ಸರಿ ಉಂಟಾ, ಅದನ್ನು ನೋಡಿ” ಎಂದೆ. ಅಲ್ಲಿದ್ದವರು ನಕ್ಕರು.

ಮೇಸ್ತ್ರಿ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು “ಆಯ್ತು” ಎಂದರು, ಅಷ್ಟೇ. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬರದಿದ್ದರೆ ಬಿಡಲಿ ಎಂದು ನಾನೂ ಸೆಟೆದುಕೊಂಡೆ. ಸಾಲದ್ದಕ್ಕೆ ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಕೂತು, ಆ ಮೇಸ್ತ್ರಿಯ ಕೈ ಈಗ ಮೊದಲಿನ ಹಾಗಿಲ್ಲ ಎಂದು ಬಂದ ಬಂದ ಡ್ರೈವರುಗಳಿಗೆಲ್ಲ ಹೇಳಿದೆ. ಲಾರಿಯವರ ಬಾಯಿಗೆ ಬಿದ್ದ ಮಾತು ಲಾರಿಗಿಂತ ಮೊದಲು ಊರು ತಲುಪುತ್ತದೆ.

ಒಂದು ವರ್ಷ ಹೀಗೇ ಕಳೆಯಿತು. ಕೋಲಿಗೆ ತೆಂಗಿನ ಹುರಿ ಕಟ್ಟಿ ನೋಡಿದೆ. ಎತ್ತಿಗೆ ಮೂಗುದಾರ ಹಾಕಿದ್ದೀರಾ ಎಂದು ಕೇಳಿದವರೊಡನೆ ಜಗಳವಾಡಿದೆ. ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಓಡಿಸುವುದು ಅಭ್ಯಾಸವಾಯಿತು. ಭಾನುವಾರಗಳು ಉಳಿದ ಆರು ದಿನಗಳಂತೆಯೇ ಆದವು.

ಒಂದು ಮಧ್ಯಾಹ್ನ ಮಡಂತ್ಯಾರು ದಾಟಿದ ಮೇಲೆ ಗುಂಡಿಯೊಂದಕ್ಕೆ ಚಕ್ರ ಇಳಿದ ಹೊಡೆತಕ್ಕೆ ಮಣೆ ತೂತಿನಿಂದ ಅಂಚಿನವರೆಗೆ ಸೀಳಿತು. ಲಾರಿ ನಿಲ್ಲಿಸಿ, ಬೋಲ್ಟು ಬಿಚ್ಚಿ, ಎರಡು ತುಂಡುಗಳನ್ನೂ ಪಕ್ಕದ ಸೀಟಿನ ಮೇಲಿಟ್ಟೆ. ಬೇರೇನೂ ಯೋಚಿಸದೆ ಹೊರಟೆ. ಗುರುವಾಯನಕೆರೆ ಹತ್ತಿರವಾಗುವಾಗ ಎಡಗೈ ಜೇಬಿನಲ್ಲಿ ನಶ್ಯದ ಡಬ್ಬಿ ಹುಡುಕುತ್ತಿರುವುದು ಗಮನಕ್ಕೆ ಬಂತು. ಲಾರಿ ಇಳಿಜಾರಿನಲ್ಲಿತ್ತು. ಮೂರನೇ ಗಿಯರ್ ತನ್ನಷ್ಟಕ್ಕೆ ತಾನು ಕೂತಿತ್ತು.

ಬದಿಗೆ ನಿಲ್ಲಿಸಿ ತುಂಡುಗಳನ್ನು ಮೊದಲಿದ್ದ ಜಾಗದಲ್ಲಿಟ್ಟು ಕೋಲನ್ನು ಮೂರಕ್ಕೆ ತಳ್ಳಿದೆ. ಕೋಲು ಪೂರ್ತಿ ಹೋಗುವ ಮೊದಲೇ ಮರದ ಅಂಚಿಗೆ ತಾಗಿತು. ತುಂಡು ತೆಗೆದು ತಳ್ಳಿದೆ, ಇನ್ನೂ ಒಂದು ಬೆರಳಿನಷ್ಟು ಮುಂದೆ ಹೋಯಿತು. ಅಷ್ಟೇ ವಿಷಯ. ನಾನು ಕೊರೆದ ತೂತು ಸಣ್ಣದು, ಮರ ದಪ್ಪ, ಮಳೆಗೆ ಅದು ಉಬ್ಬಿ ಇನ್ನೂ ಬಿಗಿಯಾಗುತ್ತಿತ್ತು. ಹಲ್ಲುಗಳು ಅರ್ಧವಷ್ಟೇ ಕಚ್ಚುತ್ತಿದ್ದವು. ಅಂಚಿನಲ್ಲಿ ಕೋಲು ಒತ್ತಿ ಒತ್ತಿ ಹೊಳೆಯುವ ಗುಳಿಯೇ ಬಿದ್ದಿತ್ತು. ವರ್ಷವಿಡೀ ಅದು ನನ್ನ ಕಣ್ಣೆದುರೇ ಇತ್ತು. ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವನು ನಾನು.

ಮರುದಿನ ಬೆಳ್ತಂಗಡಿಯಲ್ಲಿ ಹಂಚು ಇಳಿಸಿ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ವರ್ಕ್‌ಶಾಪಿನ ಜಾಗದಲ್ಲಿ ಸೈಕಲ್ ಅಂಗಡಿ ಇತ್ತು.

“ಅವರು ಘಟ್ಟದ ಮೇಲೆ ಹೋದ್ರು” ಎಂದ ಅಂಗಡಿಯವ. “ಇಲ್ಲಿ ಕೆಲಸ ಬರುವುದು ನಿಂತು ಹೋಯ್ತಲ್ಲ. ಸಕಲೇಶಪುರವೋ ಹಾಸನವೋ, ಸರಿ ಗೊತ್ತಿಲ್ಲ.” ಆಮೇಲೆ ಹೊರಗೆ ನಿಂತ ಲಾರಿಯನ್ನು ನೋಡಿ, “ಬಂಟ್ವಾಳದ ಹಂಚಿನ ಲಾರಿಯಾ?” ಎಂದು ಕೇಳಿ ಒಳಗೆ ಹೋದ.

ಬರುವಾಗ ಅವನ ಕೈಯಲ್ಲಿ ಒಂದು ತಗಡು ಇತ್ತು. ಕಪ್ಪು ಬಣ್ಣ ಬಳಿದು, ಅಂಚು ಮಡಚಿ, ನಡುವೆ ದೊಡ್ಡ ತೂತು ತೆಗೆದಿದ್ದ ತಗಡು. “ನೀವು ಬಂದ್ರೆ ಕೊಡ್ಲಿಕ್ಕೆ ಹೇಳಿದ್ರು. ಹಲಗೆಯ ತೊಂದ್ರೆ ಅಂತ ಅವ್ರಿಗೆ ಗೊತ್ತಿತ್ತು. ಆದ್ರೆ ಅದು ನಿಮ್ಮ ಹೆಂಡತಿಯ ಮಣೆ, ತೆಗೀರಿ ಅಂತ ಎರಡನೇ ಸಲ ಹೇಗೆ ಹೇಳುವುದು ಅಂದಿದ್ರು.”

ಅಲ್ಲೇ ಕೂತು ತಗಡನ್ನು ಹಾಕಿದೆ. ನಾಲ್ಕು ಬೋಲ್ಟುಗಳೂ ತಮ್ಮ ತಮ್ಮ ತೂತಿನಲ್ಲಿ ಇಳಿದವು. ಸೈಕಲ್ ಅಂಗಡಿಯವನ ಎದುರು ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

ಪುಂಜಾಲಕಟ್ಟೆಯ ಹೋಟೆಲಿನಲ್ಲಿ, ಎಲ್ಲಿ ಆ ಮಾತು ಆಡಿದ್ದೆನೋ ಅಲ್ಲೇ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಡ್ರೈವರೊಬ್ಬರು ಚಹಾದ ಗ್ಲಾಸು ಕೆಳಗಿಟ್ಟು ಕೇಳಿದರು: “ಹಾಗಾದ್ರೆ ಅವ್ರು ಈಗ ಎಲ್ಲಿದ್ದಾರೆ? ನನ್ನ ಲಾರಿಯೂ ತೋರಿಸ್ಬೇಕಿತ್ತು.”

ನನಗೆ ಗೊತ್ತಿಲ್ಲ ಎಂದೆ.

ಆ ಭಾನುವಾರ ಮೀನಿನ ಸಾರು ಮಾಡಿ, ಗೋಡೆಗೊರಗಿಸಿದ್ದ ಮಣೆಯ ಎರಡು ತುಂಡುಗಳ ಎದುರು ಚಾಪೆ ಹಾಸಿದೆ. ಮೂಡುಬಿದಿರೆಯ ಬಸ್ಸು ಬಂದು ಹೋಗುವವರೆಗೆ ಅನ್ನ ಬಡಿಸಿಕೊಳ್ಳಲಿಲ್ಲ.