ಅಂಟು ನೆಲದ ಮೂರು ಗಾಲಿ

ಮೊನ್ನೆ ಶನಿವಾರ ಮಗಳು ಬಿಸಿಲಿಗೆ ನಿಂತಿದ್ದ ಕಾರಿನಿಂದ ಕೋಲಾ ಬಾಟಲಿಯೊಂದನ್ನು ತಂದು ನಮ್ಮ ಅಡುಗೆಮನೆಯಲ್ಲಿ ಅದರ ಮುಚ್ಚಳ ತಿರುಗಿಸಿದಳು. ಬಾಟಲಿ ಬುಸ್ಸೆಂದಿತು. ಅರ್ಧ ಅವಳ ಮೇಲೆ, ಅರ್ಧ ನೆಲದ ಮೇಲೆ. "ಸಾರಿ ಅಪ್ಪಾ, ಐ ವಿಲ್ ಕ್ಲೀನ್ ಇಟ್" ಎಂದವಳು ಪೇಪರ್ ಟವೆಲ್ಲಿನಲ್ಲಿ ಮೇಲೆಮೇಲೆ ಒರೆಸಿ ತನ್ನ ಫ್ಲಾಟಿಗೆ ಹೊರಟುಹೋದಳು. ಮರುದಿನ ಬೆಳಿಗ್ಗೆ ಕಾಫಿ ಮಾಡಲು ನಾನು ಕೆಳಗಿಳಿದು ಬಂದೆ. ಹವಾಯಿ ಚಪ್ಪಲಿ ನೆಲವನ್ನು ಕಚ್ಚಿಕೊಂಡು ನಿಂತಿತು, ನಾನು ಮಾತ್ರ ಮುಂದಕ್ಕೆ ಹೋದೆ. ಚರಕ್ ಎಂಬ ಆ ಸದ್ದು, ಅರೆಬರೆ ಒಣಗಿದ ಸಕ್ಕರೆಯ ಆ ವಾಸನೆ. ಕಾಫಿ ಮರೆತು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನಿಂತೆ.

ಇಂಥದೇ ಅಂಟು ನೆಲದ ಮೇಲೆ ನನ್ನ ಸಂಸಾರ ಒಮ್ಮೆ ಒಂಟಿಕಾಲಿನಲ್ಲಿ ನಿಂತಿತ್ತು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಕೇಳಿ ನಗಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಗ ಈ ಇಂಗ್ಲಿಷರ ನಾಡಿನಲ್ಲಿ ನಾವಿದ್ದದ್ದು ಈಗಿನ ಪಿನ್ನರ್‌ನಲ್ಲಲ್ಲ, ವಿಮಾನ ನಿಲ್ದಾಣದ ಹತ್ತಿರದ ಹೇಸ್‌ನಲ್ಲಿ, ಸಾಲುಮನೆಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ತಲೆಯ ಮೇಲೆ ವಿಮಾನ, ಕಿಟಕಿಯ ಹೊರಗೆ ಗೋದಾಮು. ಹೊಸದಾಗಿ ಮದುವೆಯಾದ ನನ್ನ ಹೆಂಡತಿ ಸುಧಾ ಬಂದಿಳಿದದ್ದು ನವೆಂಬರಿನಲ್ಲಿ. ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಷ್ಟರಲ್ಲಿ ಕತ್ತಲಾಗುವ ತಿಂಗಳು ಅದು. ಅವಳು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು. ನಿಶ್ಚಿತಾರ್ಥದ ದಿನ ಅವಳೊಬ್ಬಳೇ ಮಾತಾಡಿದ್ದಳು, ನಾನು ತಲೆಯಾಡಿಸಿದ್ದೆ. ಅಂಥವಳು ಹೇಸ್‌ಗೆ ಬಂದು ಕೆಲವೇ ವಾರಗಳಲ್ಲಿ ಮೌನವಾದಳು. ಬೇಳೆ ಬೆಂದಿದೆಯೇ ಎಂದು ಕೇಳಿದರೆ ಹೂಂ, ಹೊರಗೆ ಹೋಗೋಣವೇ ಎಂದರೆ ಊಹೂಂ.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ನನ್ನ ವಾಪಸ್ ಟಿಕೆಟ್ ಒಂದ್ ವರ್ಷ ನಡೀತೈತಲ್ರಿ? ಅದು ಮುಗಿಯೂದ್ರಾಗ ಇಲ್ಲೆ ಮನಸ್ಸು ಹತ್ತಲಿಲ್ಲಂದ್ರ ನಾ ಊರಿಗೆ ಹೊಳ್ಳಿ ಹೋಗಾಕಿ. ನೀವು ಬರೂದು ಬಿಡೂದು ನಿಮಗ ಬಿಟ್ಟದ್ದು."

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಹಾಲು ಮುಗಿದಿದೆ ಎಂದು ಹೇಳುವಷ್ಟೇ ತಣ್ಣಗೆ ಹೇಳಿದಳು. ನಾನು ಹುಟ್ಟಾ ಪುಕ್ಕಲ. ನೆಲದಡಿಯ ಟ್ಯೂಬ್ ರೈಲು ನಿಲ್ದಾಣದ ಎಸ್ಕಲೇಟರಿನಲ್ಲಿ ಇಂದಿಗೂ ಎರಡೂ ಕೈಯಿಂದ ಹಿಡಿದುಕೊಳ್ಳುವವನು. ಇರು ಎಂದು ಗಟ್ಟಿಯಾಗಿ ಹೇಳುವ ಧೈರ್ಯವಾಗಲಿಲ್ಲ. ಆಗಲಿ ಎಂದೆ. ಅಂದಿನಿಂದ ಸೂಟ್‌ಕೇಸಿನ ಮೇಲ್ಜೇಬಿನಲ್ಲಿದ್ದ ಆ ಟಿಕೆಟ್ಟು ಮನೆಯಲ್ಲಿ ಮೂರನೆಯವರೊಬ್ಬರು ಇದ್ದಂತೆ ಇತ್ತು.

ನಮ್ಮ ಕೆಳಮನೆಯಲ್ಲಿ ಫೆಲಿಕ್ಸ್ ಎಂಬುವರಿದ್ದರು. ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ, ವಿಮಾನಗಳಿಗೆ ಊಟ ಕಟ್ಟಿಕೊಡುವ ಅಡುಗೆಮನೆಯಲ್ಲಿ ಕೆಲಸ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರೇ ಇಸ್ತ್ರಿಯ ಅಂಗಿ ಕಳಚಿ, ಎಣ್ಣೆ ಮೆತ್ತಿದ ಅಂಗಿ ತೊಟ್ಟು ಎಲ್ಲಿಗೋ ಹೊರಡುತ್ತಿದ್ದರು. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ, "ನೀವಿಬ್ಬರೂ ಮನೆಯಲ್ಲಿ ಕೂತು ಎಂತ ಮಾಡ್ತೀರಿ ಮಾರಾಯ್ರೆ? ಬನ್ನಿ, ಒಂದು ಆಟ ಉಂಟು" ಎಂದು ಎಳೆದುಕೊಂಡು ಹೋದರು.

ಹೋದದ್ದು ರಸ್ತೆಯಾಚೆಯ ಖಾಲಿ ಗೋದಾಮಿಗೆ. ಹೊಸ ಬಾಡಿಗೆದಾರ ಸಿಗುವವರೆಗೆ ಭಾನುವಾರ ಬಳಸಿಕೊಳ್ಳಿ ಎಂದು ಮಾಲೀಕ ಬೀಗದ ಕೈ ಕೊಟ್ಟಿದ್ದನಂತೆ. ಒಳಗೆ ಹಳೆ ಟಯರುಗಳನ್ನು ಮೊಟ್ಟೆಯಾಕಾರಕ್ಕೆ ಜೋಡಿಸಿ ಒಂದು ಓಟದ ಹಾದಿ. ಅದರ ಮೇಲೆ ಐದಾರು ಜನ ಮೂರು ಗಾಲಿಯ ಗಾಡಿಗಳಲ್ಲಿ ಗಿರಗಿರನೆ ಸುತ್ತುತ್ತಿದ್ದರು. ಮೂರು ಗಾಲಿ ಎಂದ ಕೂಡಲೇ ಆಟೋರಿಕ್ಷಾ ಎಂದುಕೊಳ್ಳಬೇಡಿ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಇದು ಮೋಟಾರ್ ಸೈಕಲ್ಲಿಗೆ ಹಿಂದೆ ಒಂದರ ಬದಲು ಎರಡು ಗಾಲಿ ಹಾಕಿ, ಮೂರೂ ಟಯರುಗಳಿಗೆ ಕುಂಬಳಕಾಯಿಯ ಹಾಗೆ ಗಾಳಿ ತುಂಬಿದ ಗಾಡಿ. ಹೊಲಗದ್ದೆಯಲ್ಲಿ ಓಡಿಸಲು ಮಾಡಿದ್ದು. ಆಗಲೇ ಅದನ್ನು ಹೊಸದಾಗಿ ಮಾರುವವರಿರಲಿಲ್ಲ. ಫೆಲಿಕ್ಸರೂ ಅವರ ಇಬ್ಬರು ಇಂಗ್ಲಿಷ್ ಗೆಳೆಯರೂ ಯಾರ್‍ಯಾರದೋ ಹಿತ್ತಿಲಿನಿಂದ ತುಕ್ಕು ಹಿಡಿದವನ್ನು ತಂದು ಜೀವ ಬರಿಸಿದ್ದರು.

ನುಣುಪಾದ ಕಾಂಕ್ರೀಟಿನ ಮೇಲೆ ಇಂಥ ಗಾಡಿ ನಿಲ್ಲುವುದಿಲ್ಲ, ಸಾಬೂನಿನಂತೆ ಜಾರುತ್ತದೆ. ಅದಕ್ಕೆ ಮದ್ದು ಕೋಲಾದ ಪಾಕ. ಹೋಟೆಲಿನ ಯಂತ್ರಕ್ಕೆ ಹಾಕುವ ಗಟ್ಟಿ ಪಾಕದಲ್ಲಿ ತಾರೀಖು ಮುಗಿದದ್ದನ್ನು ಫೆಲಿಕ್ಸ್ ಎಲ್ಲಿಂದಲೋ ತರುತ್ತಿದ್ದರು. ನೀರು ಬೆರೆಸಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಶನಿವಾರ ಸಂಜೆಯೇ ನೆಲಕ್ಕೆ ಸಿಂಪಡಿಸಿಡಬೇಕು. ಭಾನುವಾರದ ಹೊತ್ತಿಗೆ ಅದು ಹದವಾಗಿ ಅಂಟುತ್ತದೆ. ಪಾಕದ ಹದ ಎಂದರೆ ಬರ್ಫಿಗೆ ಮಾತ್ರ ಎಂದುಕೊಂಡಿದ್ದ ನನಗೆ ಇದೆಲ್ಲ ಹೊಸದು. ಚಪ್ಪಲಿ ಹಾಕಿ ಬಂದವರು ನಾಲ್ಕು ಹೆಜ್ಜೆ ನಡೆದರೆ ಬರಿಗಾಲಾಗುತ್ತಿದ್ದರು.

ಸುಧಾ ಟಯರಿನ ಗೋಡೆಗೆ ಒರಗಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, "ಆ ನೀಲಿ ಅಂಗಿಯವರು ಈಗ ಹೊರಳ್ತಾರ ನೋಡ್ರಿ" ಎಂದಳು. ನೀಲಿ ಅಂಗಿಯವರು ಮುಂದಿನ ತಿರುವಿನಲ್ಲೇ ಗಾಡಿ ಸಮೇತ ಹೊರಳಿಬಿದ್ದರು. ಫೆಲಿಕ್ಸ್ ಬಂದು, "ನಿಮಗೆ ಹೇಗೆ ಗೊತ್ತಾಯಿತು ಸುಧಕ್ಕ?" ಎಂದರು.

"ಮೂರು ಗಾಲಿ ಗಾಡಿ ತಿರುಗುವಾಗ ಒಳಗಿನ ಮಗ್ಗಲಿಗೆ ಭಾರ ಬೇಕ್ರಿ. ನಮ್ಮಪ್ಪನ ಲಗೇಜ್ ಆಟೋದಾಗ ಮೆಣಸಿನಕಾಯಿ ಚೀಲ ಹೇರಿದ್ರ, ತಿರುವಿನ್ಯಾಗ ಹಮಾಲರು ಒಳಗಿನ ಮಗ್ಗಲಿಗೆ ಜೋತು ಬೀಳತಿದ್ರು. ಅಂಗಳದಾಗ ನಾನೂ ಓಡಿಸೀನಿ."

ಫೆಲಿಕ್ಸ್ ತಮ್ಮ ಹೆಲ್ಮೆಟ್ ಕಳಚಿ ಅವಳ ಕೈಗೆ ಕೊಟ್ಟರು. ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿ, ನನ್ನ ಕಡೆ ಒಮ್ಮೆಯೂ ನೋಡದೆ ಹತ್ತಿ ಕುಳಿತಳು. ಮೊದಲ ಸುತ್ತು ಮೆಲ್ಲಗೆ, ಎರಡನೆಯದು ಅಷ್ಟು ಮೆಲ್ಲಗಲ್ಲ. ಆಮೇಲೆ ಅವಳು ತಿರುವಿಗೆ ಬಂದಾಗಲೆಲ್ಲ ಮೈಯನ್ನು ಒಳಕ್ಕೆ ಚೆಲ್ಲಿ, ಮೊಣಕಾಲು ನೆಲಕ್ಕೆ ತಾಗುತ್ತದೋ ಎನ್ನುವಂತೆ ಬಾಗುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಇಂಜಿನ್ನಿನ ಸದ್ದು ನಿಂತ ಮೇಲೆ ತೆರೆದು ನೋಡಿದರೆ ಅವಳು ಹೆಲ್ಮೆಟ್ ತೆಗೆದು ಏದುಸಿರು ಬಿಡುತ್ತ ಮಾತಾಡುತ್ತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಿದಳು. ನನಗೆ ಎಷ್ಟು ಹಿತವಾಯಿತೆಂದರೆ, ಬೇಕೆಂದೇ ದೂರದ ದಾರಿಯಲ್ಲಿ ಕರೆತಂದೆ.

ಹೀಗೆ ನಮ್ಮ ಭಾನುವಾರಗಳು ಗೋದಾಮಿನ ಪಾಲಾದವು. ಗಾಡಿ ಮುಟ್ಟಲೊಲ್ಲದ ನನಗೂ ಒಂದು ಹುದ್ದೆ ಸಿಕ್ಕಿತು, ಬಾವುಟ ಬೀಸುವುದು. ಬಾವುಟವೆಂದರೆ ಫೆಲಿಕ್ಸರ ಚೌಕಳಿ ಲುಂಗಿ. ವಾರವೆಲ್ಲ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಬಾಗಿ ಕುಳಿತಿರುವವನು ಭಾನುವಾರ ಲುಂಗಿ ಹಿಡಿದು ಎದೆ ಸೆಟೆಸುತ್ತಿದ್ದೆ. ಪ್ರತಿ ಸಲವೂ ಗೆಲ್ಲುತ್ತಿದ್ದವರು ಫೆಲಿಕ್ಸರೇ. ಸುಧಾ ಬೇಸಿಗೆಯ ಹೊತ್ತಿಗೆ ಎರಡನೆಯವಳಾದಳು, ಅಲ್ಲೇ ನಿಂತಳು. "ಒಮ್ಮೆ ಆ ಮನಷ್ಯಾನ್ನ ಸೋಲಿಸಬೇಕ್ರಿ" ಎಂದು ರೊಟ್ಟಿ ತಟ್ಟುತ್ತ ಹೇಳುತ್ತಿದ್ದಳು. ಅಷ್ಟಾದರೂ ಟಿಕೆಟ್ಟಿನ ಬಗ್ಗೆ ಒಂದು ಮಾತಿಲ್ಲ. ನಾನೂ ಕೇಳಲಿಲ್ಲ. ಅಕ್ಟೋಬರ್ ಬಂದಾಗ ನನಗೆ ರಾತ್ರಿ ನಿದ್ದೆ ಹತ್ತದಾಯಿತು. ಫೆಲಿಕ್ಸರನ್ನು ಒಮ್ಮೆ ಸೋಲಿಸಿದಳೆಂದರೆ ಇಲ್ಲಿ ಅವಳಿಗೆ ಇನ್ನೇನು ಉಳಿದೀತು ಎಂಬುದು ನನ್ನ ಹೆದರಿಕೆ. ಅವಳು ಗೆಲ್ಲಲಿ ಎಂದು ಬಾಯಲ್ಲಿ, ಬೇಡಪ್ಪಾ ಎಂದು ಹೊಟ್ಟೆಯಲ್ಲಿ.

ನವರಾತ್ರಿ ಬಂತು. ಆಯುಧಪೂಜೆಯನ್ನು ಗೋದಾಮಿನಲ್ಲೇ ಮಾಡೋಣ ಎಂದವರು ಫೆಲಿಕ್ಸ್. ಅವರ ಗಾಡಿಯ ಹ್ಯಾಂಡಲ್ಲಿಗೆ ಜಪಮಾಲೆ ಸದಾ ನೇತಾಡುತ್ತಿತ್ತು, ಅದರ ಪಕ್ಕದಲ್ಲಿ ಚೆಂಡುಹೂವಿಗೂ ಜಾಗವಿದೆ ಎಂದರು. ಪೂಜೆಗೆ ಹಿರಿಯರೊಬ್ಬರು ಬೇಕಲ್ಲ. ಪಿನ್ನರ್‌ನಿಂದ ಪದ್ಮಕ್ಕ ಬಂದರು. ಮೈಸೂರಿನವರು, ನಮ್ಮೆಲ್ಲರಿಗೂ ದೊಡ್ಡಕ್ಕನಂತಿದ್ದವರು. ಅವರೆದುರು ನಾವು ಯಾರೂ ಕಾಲಮೇಲೆ ಕಾಲು ಹಾಕಿ ಕೂರುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಫೆಲಿಕ್ಸ್ ಇಗರ್ಜಿಗೆ ಹೋದರು, ನಾನೂ ಸುಧಾಳೂ ಹೂವು ನಿಂಬೆಹಣ್ಣಿಗೆಂದು ನಮ್ಮವರ ಅಂಗಡಿಗಳಿರುವ ವೆಂಬ್ಲಿಗೆ ಹೋದೆವು, ಬೀಗದ ಕೈ ಪದ್ಮಕ್ಕನ ಕೈಯಲ್ಲಿತ್ತು. ಮೂರು ಗಾಲಿಗೆ ಮೂರು ನಿಂಬೆಹಣ್ಣೋ, ಶಾಸ್ತ್ರಕ್ಕೆ ನಾಲ್ಕೋ ಎಂದು ನಾವಿಬ್ಬರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದಿಸುತ್ತ ಬಂದೆವು.

ಗೋದಾಮಿನ ಬಾಗಿಲಲ್ಲಿ ಫೆಲಿಕ್ಸ್ ಕಂಬದಂತೆ ನಿಂತಿದ್ದರು. ಒಳಗೆ ನೆಲ ಫಳಫಳ ಹೊಳೆಯುತ್ತಿತ್ತು.

"ಅಯ್ಯೋ, ಅದೆಷ್ಟು ಅಂಟು ರೀ ಆ ನೆಲ" ಎಂದರು ಪದ್ಮಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಚಪ್ಪಲಿ ಬಿಟ್ಟು ನಿಲ್ಲೋ ಜಾಗ ಹಾಗಾ ಇರೋದು? ಕೆಟಲ್‌ನಲ್ಲಿ ನೀರು ಕಾಯಿಸಿ ಕಾಯಿಸಿ ಸೋಪಿನ ಪುಡಿ ಹಾಕಿ ಉಜ್ಜಿದೀನಿ. ಆ ಕಡೆ ಅರ್ಧ ಇನ್ನೂ ಹಾಗೇ ಇದೆ, ಸೊಂಟ ಹಿಡ್ಕೊಂಡ್ತು."

ಹಾದಿಯ ಒಂದು ಉದ್ದ, ಒಂದು ತಿರುವು ಪೂರಾ ತೊಳೆದಿದ್ದರು. ಸಾಲದ್ದಕ್ಕೆ ಓಟ ಮುಗಿಯುವ ಗೆರೆಯ ಮೇಲೆಯೇ ಎಂಟು ದಳದ ದೊಡ್ಡ ಪದ್ಮದ ರಂಗೋಲಿ. ಬೇರೆ ಪಾಕವಿರಲಿಲ್ಲ, ಇದ್ದರೂ ಒಣಗಲು ಹೊತ್ತಿರಲಿಲ್ಲ. ಪದ್ಮಕ್ಕನಿಗೆ ವಿಷಯ ಹೇಳುವ ಎದೆ ಯಾರಿಗೂ ಇರಲಿಲ್ಲ. ಫೆಲಿಕ್ಸ್ ಗಂಟಲು ಸರಿಮಾಡಿಕೊಂಡು, "ರಂಗೋಲಿ ಚಂದ ಉಂಟು" ಎಂದರು. ಆಮೇಲೆ ನಮ್ಮತ್ತ ತಿರುಗಿ ತಗ್ಗಿದ ದನಿಯಲ್ಲಿ, "ಅದರ ಮೇಲೆ ಗಾಡಿ ಹತ್ತಿಸಬೇಡಿ ಆಯ್ತಾ, ಪಾಪ" ಎಂದರು.

ಪೂಜೆಯಾಯಿತು, ನಿಂಬೆಹಣ್ಣು ಅಪ್ಪಚ್ಚಿಯಾದವು, ಓಟ ಶುರುವಾಯಿತು. ಅಂಟಿರುವ ಕಡೆ ಎಲ್ಲರೂ ಹಾರಿಬಂದು, ತೊಳೆದ ಕಡೆ ಬರುತ್ತಲೇ ಹೊಸ ಸೊಸೆಯಂದಿರ ಹಾಗೆ ನಡುಗುತ್ತ, ರಂಗೋಲಿಯನ್ನು ಬಳಸಿಕೊಂಡು ಹೋಗುತ್ತಿದ್ದರು. ಒಬ್ಬೊಬ್ಬರೇ ಜಾರಿ ಟಯರಿನ ಗೋಡೆ ಸೇರಿದರು. ಕೊನೆಯ ಸುತ್ತಿಗೆ ಉಳಿದವರು ಸುಧಾ ಮತ್ತು ಫೆಲಿಕ್ಸ್. ಮುಂದಿದ್ದವಳು ಸುಧಾ. ಅವಳು ಒಳಮಗ್ಗುಲಲ್ಲಿ, ಅವರು ಹೊರಮಗ್ಗುಲಲ್ಲಿ. ಅವಳ ದಾರಿ ನೇರ ಪದ್ಮದ ನಡುವಿಗೆ. ಹಾಗೇ ಹೋಗಿದ್ದರೆ ಗೆದ್ದಳು. ನಾನು ಲುಂಗಿ ಎತ್ತಿದೆ.

ಕೊನೆ ಗಳಿಗೆಯಲ್ಲಿ ಅವಳು ಹ್ಯಾಂಡಲ್ ತಿರುಗಿಸಿದಳು. ಗಾಡಿ ಬುಗುರಿಯಂತೆ ತಿರುಗಿ ತಿರುಗಿ ಟಯರಿನ ಗೋಡೆಗೆ ಬಡಿಯಿತು. ಫೆಲಿಕ್ಸ್ ಬ್ರೇಕ್ ಹಿಡಿದರು, ಆದರೂ ಜಾರಿಕೊಂಡು ಗೆರೆ ದಾಟಿಬಿಟ್ಟರು. ನಾನು ಲುಂಗಿ ಬಿಸಾಡಿ ಓಡಿದೆ. ಪೂಜೆಗೆಂದು ಬೂಟು ಬಿಟ್ಟವನು ಮತ್ತೆ ಹಾಕಿರಲಿಲ್ಲ, ಕಾಲಲ್ಲಿ ಬರೀ ಕಾಲುಚೀಲ. ಮೂರನೇ ಹೆಜ್ಜೆಗೆ ಎರಡೂ ಕಾಲು ಮೇಲಾದವು. ಹೊಟ್ಟೆಯ ಮೇಲೆ ಬಿದ್ದು, ಜಾರುತ್ತ ಹೋಗಿ, ಅವಳು ಉಳಿಸಿದ ಆ ಪದ್ಮವನ್ನು ಈ ತುದಿಯಿಂದ ಆ ತುದಿಗೆ ಒರೆಸಿಹಾಕಿದೆ. ಎದ್ದು ನಿಂತಾಗ ಎದೆಯ ತುಂಬ ಬಿಳಿ, ಕೆಂಪು, ಅರಿಸಿನ.

"ಪೆಟ್ಟಾಯ್ತಾ ನಿಂಗೆ?" ಎಂದೆ. ಅವಳು ಟಯರುಗಳ ಮಧ್ಯೆ ಕುಳಿತು ನಗುತ್ತಿದ್ದಳು. ಕಣ್ಣೀರು ಬರುವಷ್ಟು ನಕ್ಕಳು. ಪದ್ಮಕ್ಕ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ನಗು ತಡೆದುಕೊಂಡು ಸುಧಾ ಫೆಲಿಕ್ಸರಿಗೆ, "ಮುಂದಿನ ವರ್ಷ ನೋಡ್ಕೋತೀನ್ರಿ ನಿಮ್ಮನ್ನ" ಎಂದಳು. ಮುಂದಿನ ವರ್ಷ. ಆ ಎರಡು ಪದ ಕೇಳಿ ನನಗಾದ ಆನಂದವನ್ನು ಹೇಗೆ ಹೇಳಲಿ?

ಆದರೆ ಎರಡು ವಾರವೂ ಕಳೆದಿರಲಿಲ್ಲ, ಗೋದಾಮಿಗೆ ಬಾಡಿಗೆದಾರ ಸಿಕ್ಕಿದ. ಗಾಡಿಗಳು ಬಂದ ಹಿತ್ತಿಲುಗಳಿಗೇ ಮರಳಿದವು. ಫೆಲಿಕ್ಸ್ ಹೇಳಿದ ಸುದ್ದಿಯನ್ನು ನಾನೇ ಸುಧಾಳಿಗೆ ಹೇಳಬೇಕಾಯಿತು. ಈಗ ಸೂಟ್‌ಕೇಸ್ ಇಳಿಸುತ್ತಾಳೆ ಎಂದುಕೊಂಡೆ. ಅವಳು "ಹೌದೇನ್ರಿ" ಎಂದು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ನವೆಂಬರ್ ಬಂತು, ಟಿಕೆಟ್ಟಿನ ಗಡುವು ಮುಗಿಯಿತು. ಅವಳು ಹೋಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ನೆನಪಾಗಿ ಹೊರಟುಬಿಡುತ್ತಾಳೋ ಎಂಬ ಭಯ. ಸೋಲಿನ ಛಲಕ್ಕೆ ಉಳಿದಳು, ಛಲ ತಣ್ಣಗಾಗುವಷ್ಟರಲ್ಲಿ ಅಭ್ಯಾಸವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪದ್ಮಕ್ಕನ ಸೋಪಿನ ಪುಡಿಗೆ ಮನಸ್ಸಿನಲ್ಲೇ ಕೈಮುಗಿಯುತ್ತ ಇಷ್ಟು ವರ್ಷ ಕಳೆದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಸುಧಾ ತರಕಾರಿ ತಂದು ಬಾಗಿಲು ತೆರೆದಾಗ ನಾನಿನ್ನೂ ಚೌಕಟ್ಟು ಹಿಡಿದೇ ನಿಂತಿದ್ದೆ. ಕೇಳಿಯೇಬಿಟ್ಟೆ. "ಸುಧಾ, ಆಗ ನೀನು ಊರಿಗೆ ಯಾಕೆ ಹೋಗಲಿಲ್ಲ? ಫೆಲಿಕ್ಸರನ್ನ ಸೋಲಿಸಬೇಕು ಅಂತಾನಾ?"

ಅವಳು ಚೀಲ ಕೆಳಗಿಟ್ಟಳು. "ರೇಸಿಗೆ ಯಾರ್ ಉಳೀತಾರ್ರಿ? ನೀವು ಅವತ್ತು ಬಿದ್ರಲ್ಲಾ, ಎದಿ ತುಂಬ ರಂಗೋಲಿ ಬಳ್ಕೊಂಡು. ಎದ್ದವರಽ ನನಗ ಪೆಟ್ಟಾತೇನು ಅಂತ ಕೇಳಿದ್ರಿ. ನಿಮ್ಮ ಗದ್ದದಾಗ ರಕ್ತ ಸೋರತಿತ್ತು, ಅದು ನಿಮಗ ಗೊತ್ತಽ ಇರಲಿಲ್ಲ. ಈ ಮನಷ್ಯಾನ್ನ ಒಬ್ಬನ್ನ ಇಲ್ಲೆ ಬಿಟ್ಟು ಹ್ಯಾಂಗ ಹೋಗ್ಲಿ ಅನ್ನಿಸ್ತು."

ನಾನು ಗದ್ದ ಮುಟ್ಟಿಕೊಂಡೆ. "ಅಂದ್ರೆ, ಅಯ್ಯೋ ಪಾಪ ಅಂತ ಉಳಿದೆಯಾ?"

"ಅಯ್ಯೋ ಪಾಪ ಅನ್ನೂದು ಇಷ್ಟ್ ವರ್ಷ ಬಾಳಿಕಿ ಬರ್ತೈತೇನ್ರಿ?" ಎಂದಳು ಸುಧಾ.