ಸೊಯೂತ್‌ನಲ್ಲಿ ಮಡಚಿದ್ದ ಶಾಲು

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಶಿರಸಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿದವನು. ಹಾಗಾಗಿ ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದೆ. ನೀವು ನಂಬಲೇಬೇಕೆಂದೇನಿಲ್ಲ.

ನನ್ನ ಹೆಂಡತಿ ಸಾವಿತ್ರಿಗೆ ಟಿವಿಯ ಒಂದು ಧಾರಾವಾಹಿ ನೋಡಿ ತುರ್ಕಿಯ ಒಟ್ಟೊಮನ್ ಅರಸರ ಹುಚ್ಚು ಹಿಡಿದಿತ್ತು. ಆ ವಂಶದ ಮೂಲಪುರುಷ ಎರ್ತುರುಲ್‌ನ ಸಮಾಧಿ ಸೊಯೂತ್ ಎಂಬ ಸಣ್ಣ ಊರಿನಲ್ಲಿದೆ. "ಒಂದ್ಸಲ ಹೋಗಿ ನೋಡ್ಕಂಡು ಬಪ್ಪನ" ಎನ್ನುತ್ತಿದ್ದಳು. ಅಲ್ಲಿ ಹೆಂಗಸರು ತಲೆ ಮುಚ್ಚಿಕೊಳ್ಳಬೇಕೆಂದು ತಿಳಿದು ಒಂದು ನೀಲಿ ಶಾಲನ್ನೂ ಕೊಂಡಿಟ್ಟಳು. ನಮ್ಮ ಕಡೆಯವರ ತಂಡವೊಂದರ ತುರ್ಕಿ ಪ್ರವಾಸಕ್ಕೆ ಇಬ್ಬರ ಹೆಸರೂ ಕೊಟ್ಟಾಗಿತ್ತು. ಹೊರಡುವ ಮೊದಲೇ ಅವಳು ತೀರಿಕೊಂಡಳು. ಅವಳ ಶಾಲಾದರೂ ಅಲ್ಲಿಗೆ ಮುಟ್ಟಲಿ ಎಂದು ನಾನೊಬ್ಬನೇ ಹೋದೆ.

ಬಟ್ಟೆ ಮಡಚುವ ವಿಷಯದಲ್ಲಿ ಮದುವೆಯಾದಂದಿನಿಂದ ನಮಗೆ ಜಗಳ. ನನ್ನದು ಅಂಚಿಗೆ ಅಂಚು ಕೂಡಿದ ಚೌಕ. ಅವಳು ಟವೆಲಿನಿಂದ ಕಂಬಳಿಯವರೆಗೆ ಎಲ್ಲವನ್ನೂ ಕವಳದ ವೀಳ್ಯದೆಲೆ ಮಡಚಿದ ಹಾಗೆ ಮೂರು ಮೂಲೆ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದಳು. ಅವು ಕಪಾಟಿನಲ್ಲಿ ಒಂದರ ಮೇಲೊಂದು ನಿಲ್ಲುತ್ತಿರಲಿಲ್ಲ. ನಾನು ಬಿಚ್ಚಿ ಚೌಕ ಮಾಡುತ್ತಿದ್ದೆ. "ನಿಂಗಳ ಡ್ರಿಲ್ಲು ಶಾಲೆಲಿ ಇರ್ಲಿ" ಎನ್ನುತ್ತ ಅವಳು ಮತ್ತೆ ಮೂರು ಮೂಲೆ ಮಾಡುತ್ತಿದ್ದಳು.

ಬುರ್ಸಾದಿಂದ ಬೆಳಿಗ್ಗೆ ಬಸ್ಸು ಹೊರಟಿತು. ನನ್ನ ಪಕ್ಕದ ಸೀಟು ಖಾಲಿ. ತಲೆ ಎಣಿಸುತ್ತ ಬಂದ ಗೈಡ್ ಹೆಂಗಸು ಅಲ್ಲಿ ಸ್ವಲ್ಪ ತಡೆದು ಮುಂದೆ ಹೋದಳು.

ಸೊಯೂತ್‌ನ ಸಮಾಧಿ ಗುಮ್ಮಟವಿರುವ ಪುಟ್ಟ ಕಟ್ಟಡ. ಉಳಿದವರು ನೋಡಿ ಎದುರಿನ ಚಹಾದಂಗಡಿಗೆ ಹೋಗುವವರೆಗೆ ಕಾದೆ. ಅವಳೇ ಇಲ್ಲದ ಮೇಲೆ ಬಟ್ಟೆಯನ್ನು ಒಳಗೊಯ್ದು ಮಾಡುವುದೇನು ಅನ್ನಿಸಿತು. ಚೌಕ ಮಡಿಕೆಯ ಶಾಲನ್ನು ಅಂಗಳದ ಕಲ್ಲುಬೆಂಚಿನ ಮೇಲಿಟ್ಟು, ಬೂಟು ಬಿಚ್ಚಿ ಒಳಗೆ ಹೋದೆ. ಹಸಿರು ಬಟ್ಟೆ ಹೊದಿಸಿದ ಸಮಾಧಿಯ ಮುಂದೆ ಕೈಮುಗಿದೆ.

ಹೊರಗೆ ಬಂದು ಬೂಟಿನ ಲೇಸು ಕಟ್ಟಿದೆ. ಬೆಂಚಿನ ಮೇಲಿನ ಶಾಲು ಓರೆಕೋರೆಯಾಗಿತ್ತು. ಛೆ, ಎಂದುಕೊಂಡು ತುದಿ ಎಳೆದು ಬಿಚ್ಚಿ, ಕೊಡವಿ, ಚೌಕ ಮಾಡಿ ಚೀಲಕ್ಕೆ ಹಾಕಿಕೊಂಡೆ.

ಬಸ್ಸು ಊರು ದಾಟಿದ ಮೇಲೆ ನನಗೆ ಹೊಳೆಯಿತು. ಬೆಂಚಿನ ಮೇಲಿದ್ದ ಶಾಲಿನ ತುದಿ ಒಳಗೆ ಸಿಕ್ಕಿಸಿತ್ತು. ನಾನು ಬಿಚ್ಚಿದ್ದು ಮೂರು ಮೂಲೆಯ ಮಡಿಕೆ.

ಮುಂದಿನ ಸೀಟಿನಲ್ಲಿದ್ದ ಮಂಚಿಕೇರಿಯ ಶಾರದಕ್ಕನನ್ನು ಕೇಳಿದೆ. "ಆನು ಮುಟ್ಟಿದ್ನಿಲ್ಲೆ ಮಾಸ್ತರ್ರೆ. ನಿಂಗ ಮಡಚಿದ್ದನ್ನ ಮುಟ್ಟಲೆ ಯಾರಿಗೆ ಧೈರ್ಯ ಇದ್ದು?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಗೈಡ್, ತಾನು ಅಂಗಳದ ಗೇಟಿನಲ್ಲೇ ನಿಂತಿದ್ದೆ, ನಿಮ್ಮ ನಂತರ ಯಾರೂ ಒಳಗೆ ಬರಲಿಲ್ಲ ಎಂದಳು. ನಾನೇ ಮೈಮರೆತು ಮಡಚಿದೆನೇ? ಆ ಮಡಿಕೆ ನನಗೆ ಬರುವುದೇ ಇಲ್ಲ. ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದೆ, ತುದಿ ನಿಲ್ಲುವುದಿಲ್ಲ.

ಅಲ್ಲಿ ನಡೆದದ್ದೇನು ಎಂದು ನನಗೆ ಇಂದಿಗೂ ತಿಳಿಯದು. ಮನೆಯಲ್ಲಿ ಈಗಲೂ ಎಲ್ಲ ಬಟ್ಟೆ ಚೌಕವಾಗಿಯೇ ಇದೆ. ಆ ಶಾಲನ್ನು ಮಾತ್ರ ರಾತ್ರಿ ಮಲಗುವ ಮುಂಚೆ ಬಿಡಿಸಿ ಕುರ್ಚಿಯ ಮೇಲೆ ಹರವಿಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಹರವಿದ ಹಾಗೆಯೇ ಇರುತ್ತದೆ.